ಆಂಬ್ರೋಸನ ಮೊಮ್ಮಗ

ಮನುಷ್ಯ ಹೋದ ಮೇಲೆ ಈ ಲೋಕದಲ್ಲಿ ಉಳಿಯುವುದು ಅವನ ಹೆಸರೊಂದೇ. ಇದು ಗಂಭೀರವಾದ ಮಾತು, ಸಭೆಗಳಲ್ಲಿ ಎದ್ದುನಿಂತು ಹೇಳಲು ಯೋಗ್ಯವಾದದ್ದು. ಆದರೆ ಅಬುಧಾಬಿಯಲ್ಲಿ ಇಪ್ಪತ್ತೆರಡು ವರ್ಷ ಬಾಳಿ ನಾನು ಕಂಡದ್ದೇ ಬೇರೆ. ಅಲ್ಲಿ ಮನುಷ್ಯ ಹೋದ ಮೇಲೆ ಉಳಿಯುವುದು ಬಾಲ್ಕನಿಯಲ್ಲಿ ಒಣಗಿದ ಕರಿಬೇವಿನ ಕುಂಡ, ಆಗಲೇ ಮಾರಿಹೋದ ಟಿ.ವಿ.ಯ ರಿಮೋಟು, ಹಿಂದಿನ ವರ್ಷದ ಬ್ಯಾಂಕ್ ಕ್ಯಾಲೆಂಡರು. ಹೆಸರು ವೀಸಾದ ಜೊತೆಗೇ ರದ್ದಾಗುತ್ತದೆ.

ನಾನು ಬರೆಯಹೊರಟಿರುವ ವ್ಯಕ್ತಿಯ ಹೆಸರನ್ನು ನಾನು ಹೇಳುವುದೂ ಇಲ್ಲ. ಹೆಸರುಗಳ ವಿಷಯದಲ್ಲಿ ನಾನು ಒಮ್ಮೆ ಮಾಡಿದ ಸೇವೆಯೇ ಸಾಕಷ್ಟಾಗಿದೆ.

ಅವರು ಐರ್ಲೆಂಡಿನವರು. ತೊಂಬತ್ತರ ದಶಕದ ನಡುವಿನಲ್ಲಿ ಹಮ್ದಾನ್ ಸ್ಟ್ರೀಟಿನ ನಮ್ಮ ಆಫೀಸಿಗೆ ಹಳೆಯ ಕಟ್ಟಡಗಳ ತಜ್ಞರಾಗಿ ಬಂದರು. ಹೊಸ ಕಟ್ಟಡಗಳನ್ನೇ ಹತ್ತು ವರ್ಷಕ್ಕೊಮ್ಮೆ ಕೆಡವುವ ಊರಿಗೆ ಹಳೆಯ ಕಟ್ಟಡದ ತಜ್ಞನೆಂದರೆ ಮರುಭೂಮಿಗೆ ದೋಣಿಯವನು ಬಂದ ಹಾಗೆ ಎಂದುಕೊಂಡೆ. ಆರೂವರೆ ಅಡಿ ಎತ್ತರ, ಬಿಸಿಲಿಗೆ ಸುಟ್ಟ ಗೆಣಸಿನಂಥ ಮುಖ, ಕೈಯಲ್ಲೊಂದು ಕರಿ ಕೊಡೆ. ಅಬುಧಾಬಿಯಲ್ಲಿ ಕೊಡೆ! ವರ್ಷಕ್ಕೆ ಮೂರು ಹನಿ ಮಳೆ ಬೀಳುವ ಊರಿನಲ್ಲಿ ಆ ಕೊಡೆ ಅವರ ಕೈ ಬಿಟ್ಟದ್ದನ್ನು ನಾನು ನೋಡಲಿಲ್ಲ.

ನಾನು ಅಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಎಲ್ಲರೂ ಕಂಪ್ಯೂಟರಿಗೆ ಬದಲಾದರೂ ಟ್ರೇಸಿಂಗ್ ಕಾಗದ ಮತ್ತು ಮಸಿಯ ಪೆನ್ನನ್ನು ಬಿಡದ ಕಡೆಯ ಹಟಮಾರಿ. ಅದೇ ಕಾರಣಕ್ಕೆ ನನ್ನನ್ನು ಅವರಿಗೆ ದಾನ ಮಾಡಲಾಯಿತು. ಮೊದಲ ದಿನವೇ ಸಂಬಳದ ಪಟ್ಟಿಯನ್ನು ನೋಡಿ, "ನೀನು ಮಿಸ್ಟರ್ ಕಿಕ್ಕೇರಿ ಅಲ್ಲವೆ?" ಎಂದು ಕೇಳಿದರು. ಇಂಗ್ಲಿಷಿನಲ್ಲಿ ನೀನು ನೀವುಗಳ ಭೇದವಿಲ್ಲ; ಅವರ ಮಾತು ಯಾಕೋ ನನ್ನ ಕಿವಿಗೆ ಏಕವಚನವಾಗಿಯೇ ಬೀಳುತ್ತಿತ್ತು.

"ಸಾರ್, ಕಿಕ್ಕೇರಿ ನಮ್ಮೂರು. ರಾಮಯ್ಯ ನಮ್ಮ ತಂದೆ. ನಾನು ಸೀತಾರಾಮು."

"ಹಾಗಾದರೆ ಪಾಸ್‌ಪೋರ್ಟಿನಲ್ಲಿ ಊರು ಮೊದಲು, ಅಪ್ಪ ಆಮೇಲೆ, ನೀನು ಕೊನೆಗೆ?"

"ಅದು ಸರ್ಕಾರದ ಲೆಕ್ಕ ಸಾರ್. ನಮ್ಮ ಲೆಕ್ಕದಲ್ಲಿ ನಾನೇ ಮೊದಲು. ಉಳಿದದ್ದು ಇನಿಷಿಯಲ್."

ಅವರು ನನ್ನನ್ನು ಕಿಕ್ಕೇರಿ ಎಂದೇ ಕರೆಯಲು ಅನುಮತಿ ಕೇಳಿದರು, ಬಾಯಿಗೆ ಹಿತವಾಗಿದೆಯಂತೆ. ಹೀಗೆ ಒಂದು ಹೋಬಳಿಯ ಗೌರವವನ್ನೆಲ್ಲ ಒಬ್ಬನೇ ಹೊತ್ತು ಐದು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದೆ.

ಅವರ ಕೆಲಸದ ರೀತಿಯನ್ನು ಮೊದಲು ಪ್ರಪಂಚಕ್ಕೆ ಸಾರಿದವನು ನಮ್ಮ ಆಫೀಸಿನ ಡ್ರೈವರ್ ಹಮೀದ್, ಬಂಟ್ವಾಳದ ಕಡೆಯ ಬ್ಯಾರಿ. ದುಬೈಯ ದೇರಾದಲ್ಲಿ ಒಂದು ವ್ಯಾಪಾರಿ ಮನೆತನದವರಿಗೆ ಸೇರಿದ ಹಳೆಯ ಕಾವಲುಮನೆ ಇತ್ತು. ಕಡಲಕಲ್ಲಿನ ಗೋಡೆ, ಖರ್ಜೂರದ ಮರದ ತೊಲೆ. ಅದನ್ನು ದುರಸ್ತಿ ಮಾಡಿಸುವ ಕೆಲಸ ನಮಗೆ ಬಂದಿತ್ತು. ಅಲ್ಲಿಂದ ಹಿಂದಿರುಗಿದ ಹಮೀದ್ ನೇರವಾಗಿ ನನ್ನ ಮೇಜಿಗೆ ಬಂದ.

"ಸೀತಾರಾಮಣ್ಣ, ನಿಮ್ಮ ಸಾಯ್ಬರಿಗೆ ಹುಷಾರುಂಟಾ?"

"ಯಾಕಯ್ಯ?"

"ಗೋಡೆ ನೆಕ್ಕುದು ಮಾರಾಯ್ರೆ! ನಾನು ಕಣ್ಣಾರೆ ಕಂಡದ್ದು. ಇಲ್ಲೊಮ್ಮೆ ನೆಕ್ಕಿದ್ರು, ಅಲ್ಲೊಮ್ಮೆ ನೆಕ್ಕಿದ್ರು, ಆಮೇಲೆ ಉಗಿದ್ರು. ಊರಲ್ಲಿ ಆದ್ರೆ ಎಲ್ಲಿಗಾದ್ರೂ ಕರ್ಕೊಂಡು ಹೋಗಿ ತಾಯಿತ ಕಟ್ಟಿಸ್ತಿದ್ರು."

ವಿಷಯ ಇಷ್ಟೆ: ಗೋಡೆಗೆ ಉಪ್ಪು ಎಷ್ಟು ಎತ್ತರದವರೆಗೆ ಏರಿದೆ ಎಂಬುದನ್ನು ಅವರು ನಾಲಗೆಯಿಂದ ಪತ್ತೆ ಮಾಡುತ್ತಿದ್ದರು. ಉಪಕರಣ ಅವರ ಬಳಿಯೂ ಇತ್ತು. ಅದರ ಬ್ಯಾಟರಿಯ ಮೇಲೆ ನಂಬಿಕೆ ಇರಲಿಲ್ಲ. ಸಿಮೆಂಟು ಹಚ್ಚಿದ ಜಾಗವನ್ನು ಮಾತ್ರ ನೆಕ್ಕುತ್ತಿರಲಿಲ್ಲ. "ಅದು ಸುಳ್ಳಿನ ರುಚಿ," ಎನ್ನುತ್ತಿದ್ದರು. ಸುಣ್ಣದ ಗಾರೆ ಅರೆಯುವವರ ಪಕ್ಕದಲ್ಲಿ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದರು. ಆರೂವರೆ ಅಡಿಯ ಮನುಷ್ಯ ಕುಕ್ಕರಗಾಲಿನಲ್ಲಿ ಕೂತರೆ ಮಡಿಸಿಟ್ಟ ಏಣಿಯ ಹಾಗೆ ಕಾಣುತ್ತದೆ.

ಆ ಕಾವಲುಮನೆಯ ಒಳಗೋಡೆಯಲ್ಲಿ ಯಾರೋ ಕಾವಲುಗಾರ ಬೇಸರಕ್ಕೆ ಮೊಳೆಯಿಂದ ಗೀಚಿದ ಒಂದು ಹಡಗಿತ್ತು. ಹಾಯಿ ಇತ್ತು, ಲಂಗರು ಇತ್ತು, ಅಡಿಯಲ್ಲಿ ಒಂದು ಮೀನು ಕೂಡ ಇತ್ತು. ಮಾಲೀಕರ ಕಡೆಯ ಮ್ಯಾನೇಜರ್, "ಇದೆಲ್ಲ ಗಲೀಜು, ಮೆತ್ತಿಬಿಡಿ, ಖಲಾಸ್," ಎಂದ. ಇವರು ಆಗುವುದಿಲ್ಲ ಎಂದರು. ಮಾರನೆಯ ದಿನ ಮ್ಯಾನೇಜರ್ ಗಾರೆಯವರನ್ನು ಕಳಿಸಿದ. ಮಾಡು ಬಿಚ್ಚಿದ್ದ ಆ ಕೋಣೆಯಲ್ಲಿ, ಹಡಗಿಗೆ ಬೆನ್ನುಕೊಟ್ಟು, ಕೊಡೆ ಬಿಡಿಸಿಕೊಂಡು, ಇವರು ಬೆಳಗ್ಗೆಯಿಂದ ಇಳಿಹೊತ್ತಿನ ಅಸರ್ ನಮಾಜಿನವರೆಗೆ ನಿಂತರು. ಗಾರೆಯವರು ಮೊದಲು ನಕ್ಕರು, ಆಮೇಲೆ ನೀರು ತಂದುಕೊಟ್ಟರು. ಕೊನೆಗೆ ಮ್ಯಾನೇಜರನೇ ಸೋತ. ಹಡಗಿನ ಸುತ್ತ ಒಂದು ಅಂಗೈ ಬಿಟ್ಟು ಗಾರೆಯಾಯಿತು.

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ, "ಆ ಗೀಚು ಅಷ್ಟು ಮುಖ್ಯವೆ ಸಾರ್?"

"ಕಿಕ್ಕೇರಿ, ಕೋಟೆ ಕಟ್ಟಿಸಿದವನ ಹೆಸರು ಹೇಗೂ ಬಾಗಿಲ ಮೇಲಿರುತ್ತದೆ. ಒಳಗೆ ನಿದ್ದೆಗೆಟ್ಟವನದು ಎಲ್ಲಿರುತ್ತದೆ?"

ಆ ದಿನ ದುಬೈಯಿಂದ ಅಬುಧಾಬಿಯ ದಾರಿಯುದ್ದಕ್ಕೂ ಅವರು ತಮ್ಮ ಅಜ್ಜನ ಕತೆ ಹೇಳಿದರು. ಅದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ.

ಅವರ ಊರಿನಲ್ಲಿ ಇಂಗ್ಲಿಷರು ಕಟ್ಟಿದ ದೊಡ್ಡದೊಂದು ಬ್ಯಾರಕ್ಕು ಇತ್ತು. ಅಜ್ಜ ಆಂಬ್ರೋಸ್, ಮನೆಯಲ್ಲಿ ಊಟಕ್ಕಿಲ್ಲದೆ, ಹದಿನೆಂಟರ ಪ್ರಾಯದಲ್ಲಿ ಅದರ ಗೇಟಿನೊಳಗೆ ಹೋಗಿ ಬ್ರಿಟಿಷ್ ಸೈನ್ಯಕ್ಕೆ ಸೇರಿದ. ಕೆಲವು ವರ್ಷಗಳ ನಂತರ, ಐರ್ಲೆಂಡಿನ ಸ್ವಾತಂತ್ರ್ಯದ ಹೋರಾಟದಲ್ಲಿ, ಅವನ ತಮ್ಮ ಮೈಕೆಲನನ್ನು ಬ್ರಿಟಿಷರು ಹಿಡಿದು ಅದೇ ಬ್ಯಾರಕ್ಕಿನಲ್ಲಿ ಕೂಡಿಹಾಕಿದರು. ಮೈಕೆಲ್ ಅಲ್ಲೇ ಜ್ವರ ಬಂದು ಸತ್ತ. ಆಗ ಅಣ್ಣ ಅದೇ ಸರ್ಕಾರದ ಸಮವಸ್ತ್ರ ತೊಟ್ಟು ಸಾವಿರಾರು ಮೈಲಿ ದೂರದಲ್ಲಿ ಕವಾಯತು ಮಾಡುತ್ತಿದ್ದ. ದೇಶ ಸ್ವತಂತ್ರವಾದ ಮೇಲೆ ತಮ್ಮ ಹುತಾತ್ಮನಾದ. ಊರಿಗೆ ಮರಳಿದ ಅಣ್ಣ ಏನೂ ಆಗಲಿಲ್ಲ. ನಲವತ್ತು ವರ್ಷ ಆ ಊರಿನಲ್ಲಿ ಬದುಕಿದ. ಪ್ರತಿವರ್ಷ ತಮ್ಮನ ಸ್ಮರಣೆಯ ದಿನ ರಸ್ತೆಯ ಆಚೆ ಬದಿಯಲ್ಲಿ ಟೋಪಿ ತೆಗೆದು ನಿಂತು, ಎಲ್ಲರೂ ಹೋದ ಮೇಲೆ ಮನೆಗೆ ಹೋಗುತ್ತಿದ್ದ. ಈಚೆ ಬದಿಗೆ ಬಾ ಎಂದು ಯಾರೂ ಕರೆಯಲಿಲ್ಲ. ಅವನೂ ಕೇಳಲಿಲ್ಲ.

"ಆ ಸಾವಿರಾರು ಮೈಲಿ ದೂರ ಎಂದರೆ ಎಲ್ಲಿ ಸಾರ್?"

"ಬ್ಯಾಂಗಲೋರ್."

ನಾನು ಸೀಟಿನಲ್ಲಿ ನೆಟ್ಟಗೆ ಕೂತೆ. ಬೆಂಗಳೂರಿನ ದಂಡಿನಲ್ಲಿ ಅವರ ಅಜ್ಜ! ನನ್ನ ಸೋದರಮಾವನ ಮನೆಯಿಂದ ಒಂದೂವರೆ ಮೈಲಿ! ನಮ್ಮ ನಡುವೆ ಒಂದು ರೀತಿಯ ನೆಂಟಸ್ತನ ಸ್ಥಾಪನೆಯಾದಂತೆ ಮುಂದಿನ ಸೀಟಿನಿಂದ ಹಮೀದ್ ಕೂಡ ಹಿಂದಕ್ಕೆ ತಿರುಗಿ ನಕ್ಕ. ಅವನು ರಸ್ತೆ ನೋಡುವುದು ಒಳ್ಳೆಯದೆಂದು ಸೂಚಿಸಿದೆ.

"ನಮ್ಮ ಮನೆಯಲ್ಲಿ ಊಟಕ್ಕೆ ಬಡಿಸುವಾಗ ಬೇಡ ಎನ್ನಲು ಒಂದು ಮಾತಿದೆ," ಎಂದರು ಅವರು. "ಅಜ್ಜ ತಂದದ್ದು. ಅಮ್ಮ ಹೇಳುತ್ತಿದ್ದಳು, ಈಗ ನನ್ನ ಮಗಳೂ ಹೇಳುತ್ತಾಳೆ. ಯಾವ ಭಾಷೆಯೋ ಗೊತ್ತಿಲ್ಲ. ತಟ್ಟೆಯ ಮೇಲೆ ಹೀಗೆ ಕೈ ಅಡ್ಡ ಹಿಡಿದು 'ಸಾಕು' ಅನ್ನಬೇಕು."

ಐರ್ಲೆಂಡಿನ ಒಂದು ಊಟದ ಮೇಜಿನಲ್ಲಿ ಎಪ್ಪತ್ತು ವರ್ಷದಿಂದ ಕನ್ನಡ ನಡೆಯುತ್ತಿತ್ತು. ಯಾವ ಸಾಹಿತ್ಯ ಪರಿಷತ್ತಿಗೂ ಇದರ ಸುಳಿವಿರಲಿಲ್ಲ. ಅದು ನಮ್ಮ ಭಾಷೆ ಎಂದು ನಾನು ಹೇಳಿದಾಗ ಅವರು ಆ ಮಾತನ್ನು ನನ್ನಿಂದ ಇನ್ನೆರಡು ಸಲ ಹೇಳಿಸಿದರು.

ಈಗ ಆ ಬ್ಯಾರಕ್ಕಿನ ಸಂಗತಿ. ಇಂಗ್ಲಿಷರು ಬಿಟ್ಟುಹೋದ ಮೇಲೆ ಅದರ ಮಾಡು ಸುಟ್ಟಿತ್ತು, ಗೋಡೆಗೆ ಬಳ್ಳಿ ಹಬ್ಬಿತ್ತು, ಒಂದಷ್ಟು ಕಾಲ ದನದ ಮೇವು ತುಂಬಿಡುತ್ತಿದ್ದರಂತೆ. ನಾನು ಹೇಳುತ್ತಿರುವ ಕಾಲಕ್ಕೆ ಊರಿನವರು ಒಂದು ಸಮಿತಿ ಮಾಡಿಕೊಂಡು ಅದನ್ನು ಜೀರ್ಣೋದ್ಧಾರ ಮಾಡಲು ಹೊರಟಿದ್ದರು. ನಕ್ಷೆಗಳನ್ನೆಲ್ಲ ಇವರು ಅಬುಧಾಬಿಯಿಂದ ಬಿಟ್ಟಿಯಾಗಿ ಮಾಡಿ ಕಳಿಸುತ್ತಿದ್ದರು. ಆಫೀಸಿನ ಕೆಲಸ ಮುಗಿದ ಮೇಲೆ ನಾನು ಮಸಿ ಹಾಕುತ್ತಿದ್ದೆ. ಐರ್ಲೆಂಡಿಗೆ ಕಾಲಿಡದೆಯೇ ಆ ಬ್ಯಾರಕ್ಕಿನ ಪ್ರತಿ ಕಿಟಕಿಯ ಅಳತೆ ನನಗೆ ಬಾಯಿಪಾಠವಾಗಿತ್ತು.

ಇದಕ್ಕೆ ಪ್ರತಿಯಾಗಿ ಅವರಿಗೆ ಬೇಕಾಗಿದ್ದದ್ದು ಒಂದೇ. ಗೇಟಿನ ಒಳಗೆ ಒಂದು ಕಲ್ಲಿನ ಗೋಡೆ. ಅದರಲ್ಲಿ ಆ ಬ್ಯಾರಕ್ಕಿನೊಳಗೆ ಬದುಕು ಸವೆಸಿದ ಊರಿನವರೆಲ್ಲರ ಹೆಸರು. ಕೈದಿಯಾಗಿದ್ದವರು, ಸಿಪಾಯಿಗಳಾಗಿದ್ದವರು, ಬಟ್ಟೆ ಒಗೆದವರು, ಎಲ್ಲ ಒಂದೇ ಪಟ್ಟಿಯಲ್ಲಿ. ಮೈಕೆಲ್ ಇರುವ ಕಲ್ಲಿನಲ್ಲಿ ಆಂಬ್ರೋಸನೂ ಇರಬೇಕು.

ಸಮಿತಿಯಲ್ಲಿ ಅರ್ಧ ಜನ ಒಪ್ಪಲಿಲ್ಲ. ಅವರ ಹಳೆಯ ಪಟ್ಟಿಯಲ್ಲಿ ಕೈದಿಗಳ ಹೆಸರು ಮಾತ್ರ ಇತ್ತು. ಇಂಗ್ಲಿಷರ ಕೂಳು ತಿಂದವರ ಹೆಸರು ನಮ್ಮವರ ಪಕ್ಕದಲ್ಲಿ ಯಾಕೆ ಎಂದು ಅವರ ಪ್ರಶ್ನೆ. ನಾಚಿಕೆಗೇಡಿನ ಪ್ರಶ್ನೆಯೇನಲ್ಲ, ಅವರ ಮನೆಗಳಲ್ಲೂ ಸತ್ತವರಿದ್ದರು. ಎರಡು ವರ್ಷ ಫ್ಯಾಕ್ಸ್ ಯುದ್ಧ ನಡೆಯಿತು. ಕೊನೆಗೊಂದು ಒಪ್ಪಂದವಾಯಿತು: ಹುದ್ದೆ ಬರೆಯಬಾರದು, ಪಡೆಯ ಹೆಸರು ಬರೆಯಬಾರದು, ಯಾರನ್ನೂ ಮೇಲೆ ಕೂರಿಸಬಾರದು, ಅಕ್ಷರಮಾಲೆ ಎಲ್ಲಿ ನಿಲ್ಲಿಸುತ್ತದೋ ಅಲ್ಲಿ ನಿಲ್ಲಬೇಕು. ಆ ಫ್ಯಾಕ್ಸ್ ಬಂದ ದಿನ ಅವರು ಕೆಳಗಿನ ಮಲಬಾರಿ ಹೋಟೆಲಿನಿಂದ ಆಫೀಸಿಗೆಲ್ಲ ಚಹಾ ತರಿಸಿದರು. ಮದುವೆ ಮನೆಯ ಯಜಮಾನನ ಹಾಗೆ ಪ್ರತಿಯೊಬ್ಬರ ಮೇಜಿಗೂ ಬಂದು, "ಸಕ್ಕರೆ ಸರಿಯಿದೆಯೆ?" ಎಂದು ವಿಚಾರಿಸಿದರು.

ಅವರಿಗೆ ಹೊಟ್ಟೆನೋವು ಮೊದಲಿನಿಂದಲೂ ಇತ್ತು. ಚಹಾದ ದೋಷ ಎನ್ನುತ್ತಿದ್ದರು. ಒಂದು ಮಂಗಳವಾರ ಆಫೀಸಿನಲ್ಲೇ ರಕ್ತ ಕಾರಿದರು. ಹಮೀದ್ ಹೊತ್ತುಕೊಂಡು ಹೋದ. ಬುಧವಾರ ಆಸ್ಪತ್ರೆಯಿಂದ ನನಗೆ ಫೋನ್ ಮಾಡಿದರು.

"ಕಿಕ್ಕೇರಿ, ನಾಳೆ ಸಂಜೆ ಸಮಿತಿಯ ಸಭೆ. ಪಟ್ಟಿ ನೋಡಿ ಕಲ್ಲು ಕೆತ್ತುವವನಿಗೆ ಕೊಡುತ್ತಾರೆ. ಮಂತ್ರಿ ಬರುವ ದಿನ ಗೊತ್ತಾಗಿದೆ, ಮುಂದೂಡುವಂತಿಲ್ಲ. ಹೆಸರಿನ ಕಾರ್ಡುಗಳು ನನ್ನ ಮೇಜಿನಲ್ಲಿವೆ. ಅಕ್ಷರಾನುಕ್ರಮದಲ್ಲಿ ಜೋಡಿಸಿ, ನಿನ್ನ ಕೈಯಲ್ಲೇ ಬರೆದು, ಫ್ಯಾಕ್ಸ್ ಮಾಡು. ನಿನ್ನ ಅಕ್ಷರದಲ್ಲೇ ಕೆತ್ತಲಿ."

ಅರವತ್ತಮೂರು ಕಾರ್ಡು. ಆಫೀಸಿನ ನೆಲದ ಮೇಲೆ ನಾನೂ ಹಮೀದನೂ ಹರಡಿಕೊಂಡು ಕೂತೆವು. ನಾನು ಓದುವುದು, ಅವನು ಜೋಡಿಸುವುದು.

"ಎಷ್ಟು ಪ್ಯಾಟ್ರಿಕ್ ಮಾರಾಯ್ರೆ! ನಮ್ಮಲ್ಲಿ ಮಹಮ್ಮದ್ ಇದ್ದ ಹಾಗೆ."

"ಹನ್ನೊಂದು. ಎಲ್ಲ ಒಂದೇ ಕಡೆ ಇಡು."

"ಜಾನ್ ಒಂಬತ್ತು. ಮೈಕೆಲ್ ಆರು... ಓ, ಇಲ್ಲಿ ನೋಡಿ ಸೀತಾರಾಮಣ್ಣ, ಅಜ್ಜನ ಕಾರ್ಡು. ಆಂಬ್ರೋಸ್. ಇವರು ಎಲ್ಲರಿಗಿಂತ ಫಸ್ಟ್ ಬಂದ್ರಲ್ಲ!"

"ಹೌದಲ್ಲಯ್ಯ!"

"ಸಾಯ್ಬರಿಗೆ ಖುಷಿ ಆದೀತು ನೋಡಿ. ಪಾಪ, ಬೆಡ್ಡಲ್ಲಿ ಮಲಗಿದ್ದಾರೆ."

ನನಗೂ ಖುಷಿಯಾಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೊದಲ ಸಾಲಿನಲ್ಲಿ ಆಂಬ್ರೋಸನ ಹೆಸರನ್ನು ನನ್ನ ಜೀವಮಾನದ ಅತ್ಯುತ್ತಮ ಅಕ್ಷರಗಳಲ್ಲಿ ಬರೆದೆ. ಅವನ ಮನೆತನದ ಹೆಸರು ಇಂಗ್ಲಿಷ್ ಅಕ್ಷರಮಾಲೆಯ ತೀರ ಕೊನೆಯಲ್ಲಿ ಬರುವಂಥದು. ಅದನ್ನೂ ಅದರ ಪಕ್ಕದಲ್ಲಿ ಬರೆದೆ. ಬರೆಯುವಾಗ ಕೂಡ ನನಗೆ ಹೊಳೆಯಲಿಲ್ಲ. ನನ್ನ ದೃಷ್ಟಿಯಲ್ಲಿ ಮನುಷ್ಯನ ಹೆಸರೆಂದರೆ ಅವನನ್ನು ತಾಯಿ ಕರೆದದ್ದು. ಉಳಿದದ್ದು ಇನಿಷಿಯಲ್. ನಮ್ಮ ಶಾಲೆಯ ಹಾಜರಿ ಪುಸ್ತಕ, ರೇಷನ್ ಕಾರ್ಡು, ಸಂಘದ ಸದಸ್ಯರ ಪಟ್ಟಿ, ಎಲ್ಲ ಹಾಗೆಯೇ. ಹಮೀದನ ಮಸೀದಿಯ ಪಟ್ಟಿಯೂ ಹಾಗೆಯೇ. ಇಬ್ಬರಲ್ಲಿ ಒಬ್ಬನಾದರೂ ಬೇರೆ ದೇಶದಲ್ಲಿ ಹುಟ್ಟಿದ್ದರೆ ಸಾಕಿತ್ತು.

ಗುರುವಾರ ನಮ್ಮದು ಅರ್ಧ ದಿನ. ಹನ್ನೆರಡಕ್ಕೆ ಫ್ಯಾಕ್ಸ್ ಕಳಿಸಿ, ಒಂದಕ್ಕೆ ಆಫೀಸಿಗೆ ಬೀಗ ಹಾಕಿ, ದುಬೈಗೆ ಹೋದೆ. ಮಿರ್ದಿಫ್‌ನಲ್ಲಿ ನನ್ನ ಷಡ್ಡಕ ಹೊಸ ಮನೆಗೆ ಬಂದಿದ್ದ. ಶುಕ್ರವಾರ, ನಮ್ಮ ವಾರದ ರಜೆಯ ದಿನ, ಸತ್ಯನಾರಾಯಣ ಪೂಜೆ. ಆ ಶುಕ್ರವಾರ ಐರ್ಲೆಂಡಿನವರಿಗೆ ಕೆಲಸದ ದಿನ. ಸಮಿತಿಯ ಕಾರ್ಯದರ್ಶಿ ಬೆಳಗ್ಗೆಯಿಂದ ನಾಲ್ಕು ಸಲ ನಮ್ಮ ಆಫೀಸಿಗೆ ಫೋನ್ ಮಾಡಿದರಂತೆ. ಖಾಲಿ ಆಫೀಸಿನಲ್ಲಿ ಅದು ಬಡಿದುಕೊಳ್ಳುವಾಗ ನಾನು ಎರಡನೆಯ ಸಲ ಸಪಾದ ಭಕ್ಷ್ಯ ಹಾಕಿಸಿಕೊಳ್ಳುತ್ತಿದ್ದೆ.

ಶನಿವಾರ ಬೆಳಗ್ಗೆ ಬಂದಾಗ ಯಂತ್ರದ ತಟ್ಟೆಯಲ್ಲಿ ಒಂದು ಹಾಳೆ ಬಿದ್ದಿತ್ತು. ಸಭ್ಯವಾದ ಕಾಗದ. ಯಾರನ್ನೂ ಮೇಲೆ ಕೂರಿಸಬಾರದೆಂದು ಒಪ್ಪಿಯೂ ತಾವು ತಮ್ಮ ಅಜ್ಜನನ್ನು ಊರಿನ ಹುತಾತ್ಮರೆಲ್ಲರ ನೆತ್ತಿಯ ಮೇಲೆ ಇಟ್ಟಿರುವುದು ಸಭೆಗೆ ನೋವುಂಟುಮಾಡಿದೆ. ಮೊದಲ ಸಾಲಿನಿಂದ ಮುಂದಕ್ಕೆ ಯಾರೂ ಓದಲಿಲ್ಲ. ತಮ್ಮನ್ನು ಸಂಪರ್ಕಿಸಲು ಆಗಲಿಲ್ಲ. ಆದ್ದರಿಂದ ಹಳೆಯ ಪಟ್ಟಿಯನ್ನೇ ಕೆತ್ತಲು ಕೊಟ್ಟಿದ್ದೇವೆ. ತಮ್ಮ ನಕ್ಷೆಗಳಿಗಾಗಿ ಊರು ಸದಾ ಋಣಿ.

ಮೂರು ಸಲ ಓದಿದ ಮೇಲೆ, ನಾನು ಕಳಿಸಿದ್ದ ಪಟ್ಟಿಯನ್ನು ತೆಗೆದು ನೋಡಿದೆ. ಆಗ ಅರ್ಥವಾಯಿತು: ಅವರಲ್ಲಿ ಪಟ್ಟಿ ನಡೆಯುವುದು ಮನೆತನದ ಹೆಸರಿನ ಮೇಲೆ.

ಹಮೀದ್ ಆಸ್ಪತ್ರೆಯ ದಾರಿಯಲ್ಲಿ ಒಂದೇ ಮಾತು ಆಡಿದ. "ನಾನೇ ಅಲ್ವಾ ಸೀತಾರಾಮಣ್ಣ ಜೋಡಿಸಿದ್ದು? ನನ್ನ ಹೆಸರು ಹೇಳಿ."

ಅವರು ದಿಂಬಿಗೆ ಒರಗಿ ಕೂತಿದ್ದರು. ಮೈ ಅರ್ಧವಾಗಿತ್ತು, ಕೊಡೆ ಮಂಚದ ಕಂಬಿಗೆ ನೇತುಬಿದ್ದಿತ್ತು. ಸಮಿತಿಯ ಕಾಗದವನ್ನು ಓದಿದರು. ಪಟ್ಟಿ ಕೇಳಿದರು. ಕೊಟ್ಟೆ. ಮೇಲಿನಿಂದ ಕೆಳಗೆ ಬೆರಳಿಟ್ಟುಕೊಂಡು ಅರವತ್ತಮೂರು ಹೆಸರನ್ನೂ ಓದಿದರು. ಬೈಯಲಿ ಎಂದು ಕಾದೆ.

"ಪ್ಯಾಟ್ರಿಕ್‌ಗಳೆಲ್ಲ ಬಸ್ಸಿಗೆ ಕಾದವರ ಹಾಗೆ ಒಂದೇ ಕಡೆ ನಿಂತಿದ್ದಾರೆ," ಎಂದರು.

"ತಪ್ಪು ನನ್ನದು ಸಾರ್. ನಮ್ಮಲ್ಲಿ ಪಟ್ಟಿ ಮಾಡುವುದು ಹೀಗೆ."

"ಅಂದರೆ ನಿನ್ನೂರಿನಲ್ಲಿ ಆಂಬ್ರೋಸ್ ಮೊದಲು ಬರುತ್ತಿದ್ದ?"

"ಬರುತ್ತಿದ್ದರು ಸಾರ್."

"ಯಾರೂ ಆಕ್ಷೇಪಣೆ ಮಾಡುತ್ತಿರಲಿಲ್ಲ?"

"ಇಲ್ಲ ಸಾರ್."

ಅವರು ಪಟ್ಟಿಯನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡರು. ಬಾಗಿಲಲ್ಲಿ ನಿಂತೇ ಇದ್ದ ಹಮೀದನನ್ನು ಒಳಗೆ ಕರೆದು, ಕೂರು ಎಂದು ಕುರ್ಚಿ ತೋರಿಸಿದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಅವರ ಹೆಗಲು ಅಲುಗುತ್ತಿತ್ತು. ಆ ಗೋಡೆ ಸಿಮೆಂಟಿನದು. ನಾವಿಬ್ಬರೂ ಸಂದರ್ಶನದ ವೇಳೆ ಮುಗಿದು ನರ್ಸು ಬಂದು ಎಬ್ಬಿಸುವವರೆಗೆ ಕೂತಿದ್ದೆವು.

ನಾನು ಸಮಿತಿಗೆ ಮೂರು ಪುಟದ ಕಾಗದ ಬರೆದೆ. ಹಳೇ ಮೈಸೂರಿನ ಜನರು ಹೆಸರಿಡುವ ಪದ್ಧತಿ, ಊರು ಮತ್ತು ತಂದೆಯ ಸ್ಥಾನ, ಇನಿಷಿಯಲ್‌ಗಳ ಉಪಯೋಗ, ಉದಾಹರಣೆಗೆ ಈ ಕೆಳಗೆ ಸಹಿ ಮಾಡಿರುವ ವ್ಯಕ್ತಿ. ಅಷ್ಟು ವಿದ್ವತ್ಪೂರ್ಣವಾದದ್ದನ್ನು ನಾನು ಮತ್ತೆ ಬರೆದಿಲ್ಲ. ಆ ಮನುಷ್ಯ ತನ್ನ ಅಜ್ಜನನ್ನು ಮೇಲೆ ಕೂರಿಸಲಿಲ್ಲ, ಕೂರಿಸಿದವನು ನಾನು ಎಂದು ಕೊನೆಗೆ ಬರೆದೆ. ಎರಡು ವಾರದ ಮೇಲೆ ಕಾರ್ಯದರ್ಶಿಯ ಉತ್ತರ ಬಂತು. ಮುಂದಿನ ಸಭೆಯಲ್ಲಿ ನನ್ನ ಕಾಗದವನ್ನು ಗಟ್ಟಿಯಾಗಿ ಓದಿದರಂತೆ. ಕೆಲವರು ತಲೆ ತಗ್ಗಿಸಿದರಂತೆ. ಆದರೆ ಕೆತ್ತನೆ ಮುಗಿದಿತ್ತು. ಸೇರಿಸಲು ಕಲ್ಲಿನಲ್ಲಿ ಜಾಗ ಬಿಟ್ಟಿರಲಿಲ್ಲ.

ಆ ಉತ್ತರ ಬರುವ ಹೊತ್ತಿಗೆ ಅವರನ್ನು ಊರಿಗೆ ಕಳಿಸಿಯಾಗಿತ್ತು. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಿಂದಲೇ ನನ್ನ ಕೈ ಹಿಡಿದು, "ಕಿಕ್ಕೇರಿ, ದೇರಾದ ಆ ಹಡಗನ್ನು ಆಗಾಗ ಹೋಗಿ ನೋಡುತ್ತಿರು. ಮ್ಯಾನೇಜರನ ಮೇಲೆ ನನಗೆ ನಂಬಿಕೆಯಿಲ್ಲ," ಎಂದರು. ಹೋಗಿ ನೋಡುತ್ತಿದ್ದೆ. ಹಮೀದನೂ ಬರುತ್ತಿದ್ದ. ಆ ಪಟ್ಟಿಯ ಮಾತನ್ನು ನಾವಿಬ್ಬರೂ ಎಂದೂ ಎತ್ತಲಿಲ್ಲ.

ಊರು ಸೇರಿದ ಎಂಟನೆಯ ವಾರ ಅವರು ತೀರಿಕೊಂಡರು. ಕೆಲವು ವರ್ಷಗಳ ನಂತರ ಅವರ ಮಗಳು ನನ್ನ ವಿಳಾಸವನ್ನು ಹೇಗೋ ಹುಡುಕಿ ಒಂದು ಕಾಗದ, ಒಂದು ಫೋಟೊ ಕಳಿಸಿದಳು. ಮಂತ್ರಿಗಳು ಬಂದು ಉದ್ಘಾಟಿಸಿದರಂತೆ. ಮಾಡು ಹೊಸದು, ಗೋಡೆಗೆ ಸುಣ್ಣದ ಗಾರೆ, ಕಿಟಕಿಗಳೆಲ್ಲ ನಾನು ಮಸಿ ಹಾಕಿದ ಅಳತೆಗೇ ಇವೆ. ಬ್ಯಾರಕ್ಕು ಸೋಮವಾರ ಬಿಟ್ಟು ಉಳಿದ ದಿನಗಳಲ್ಲಿ ಸಾರ್ವಜನಿಕರಿಗೆ ತೆರೆದಿರುತ್ತದೆ. ಗೇಟಿನ ಒಳಗಿನ ಕಲ್ಲಿನಲ್ಲಿ ಇಪ್ಪತ್ತೇಳು ಹೆಸರುಗಳಿವೆ. ಆಂಬ್ರೋಸನ ಹೆಸರು ಇಲ್ಲ.